ಕಡಲಿದೆ, ಮಕ್ಕಳಿದ್ದಾರೆ, ರಜೆ ಎಲ್ಲಿದೆ?



ಹೆಂಡತಿ ಮಕ್ಕಳೊಡನೆ ಎರಡು ದಿನದ ಮಟ್ಟಿಗೆ ಮುಂಬಯಿ ನೋಡಲು ಬರುವ ಪರವೂರ ಗಿರಾಕಿಗಳಿಗೆ ನಾವು ದಿನವೂ ಚಹಾ ಕೊಡುತ್ತೇವೆ. ಚೌಪಾಟಿಗೆ ಯಾವ ಕಡೆಯಿಂದ ಹೋಗಬೇಕು, ಘಾರಾಪುರಿಯ ದೋಣಿ ಎಲ್ಲಿ ಸಿಗುತ್ತದೆ, ಮಗುವಿಗೆ ಖಾರವಿಲ್ಲದ ತಿಂಡಿ ಏನಿದೆ ಎಂದು ಅವರು ಕೇಳುತ್ತಾರೆ. ನಾವು ಬಾಯಿಪಾಠ ಒಪ್ಪಿಸಿದಂತೆ ಹೇಳುತ್ತೇವೆ. ಡೊಂಬಿವಲಿಯಲ್ಲೋ ನಾಲಾಸೋಪಾರದಲ್ಲೋ ಒಂದೇ ಖೋಲಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಮಾತ್ರ ಈ ಕಡಲನ್ನು ಎಷ್ಟು ಸಲ ಕಂಡಿದ್ದಾರೆ? ಉಡುಪಿ, ಕುಂದಾಪುರದ ಕಡೆ ಅಲೆಯ ಸದ್ದು ಕೇಳುತ್ತ ಹುಟ್ಟಿದವರು ನಾವು. ಗಿರಗಾಂವದ ಹೋಟೇಲಿನಲ್ಲಿ ಹತ್ತು ವರ್ಷ ದುಡಿದು, ಕೂಗಳತೆಯ ಚೌಪಾಟಿಯಲ್ಲಿ ಒಂದು ಸಲವೂ ಕಾಲು ನೆನೆಸದವರು ನಮ್ಮಲ್ಲಿ ಎಷ್ಟಿಲ್ಲ!

ಇದು ಹಣದ ಪ್ರಶ್ನೆ ಎಂದು ಕೆಲವರು ಹೇಳುತ್ತಾರೆ. ಹಣ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಚೌಪಾಟಿಯ ಮರಳಿಗೆ ಯಾರೂ ಟಿಕೀಟು ಹರಿಯುವುದಿಲ್ಲ. 5 ವರ್ಷ ತುಂಬದ ಮಗುವಿಗೆ ಲೋಕಲ್ ಗಾಡಿಯಲ್ಲಿ ಟಿಕೀಟಿಲ್ಲ, 12ರ ಒಳಗಿನವರಿಗೆ ಅರ್ಧ. ಬುತ್ತಿ ಮನೆಯಿಂದಲೇ ಹೋಗುತ್ತದೆ. ನಮಗಿಲ್ಲದ್ದು ದಿನ. ತಂದೆಗೆ ರಜೆ ಇದ್ದಂದು ಮಗುವಿಗೆ ಶಾಲೆ, ಮಗುವಿಗೆ ರಜೆ ಇದ್ದಂದು ತಂದೆಗೆ ದುಪ್ಪಟ್ಟು ಗಿರಾಕಿ.

ಮಾಲಕರಿಗೆ ಇದು ಹೊಳೆಯುವುದೇ ಇಲ್ಲ. ಏಕೆಂದರೆ ಅವರ ಬಾಯಲ್ಲಿ ನಾವು ಇಂದಿಗೂ 'ಹುಡುಗರು'. ನಲವತ್ತು ದಾಟಿ ತಲೆ ನರೆತವನೂ ಹುಡುಗನೇ. ಹುಡುಗನಿಗೆ ಹೆಂಡತಿಯೇ, ಮಕ್ಕಳೇ? ಅಟ್ಟದ ಮೇಲೆ ಒಂದು ಚಾಪೆ ಬಿಸಾಕಿದರೆ ಮುಗಿಯಿತು! ಈ ಒಂದು ಶಬ್ದದಲ್ಲಿ ನಮ್ಮ ಸಂಸಾರವನ್ನೇ ಅಳಿಸಿಬಿಟ್ಟಿದ್ದಾರೆ.

ವಾರದ ರಜೆಯನ್ನು ಯಾರೂ ದಾನ ಕೊಟ್ಟದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರನ್ನು ಕೂಡಿಸಿ ಭಾನುವಾರದ ಬೇಡಿಕೆ ಇಟ್ಟರು. ಗಿರಣಿ ಮಾಲಕರು ಅದಕ್ಕೆ ತಲೆಬಾಗಿದ್ದು 1890ರ ಜೂನ್ 10ರಂದು. ಹೋಟೇಲಿನವರಿಗೆ 1948ರ ಅಂಗಡಿ ಕಾಯಿದೆಯೇ ವಾರಕ್ಕೊಂದು ದಿನ ಬರೆಯಿತು. ಅದರ ಬದಲು ಬಂದ 2017ರ ಮಹಾರಾಷ್ಟ್ರದ ಕಾಯಿದೆ ಹತ್ತು ಜನರೂ ಮೇಲೂ ದುಡಿಯುವ ಕಡೆ ವಾರಕ್ಕೆ ಒಟ್ಟಾಗಿ 24 ಗಂಟೆಗಳ ವಿರಾಮ, ವರ್ಷಕ್ಕೆ 8 ದಿನ ಪಗಾರದ ಸಾಂದರ್ಭಿಕ ರಜೆ ಕೊಟ್ಟಿತು. ವಾರದ ರಜೆ ತಪ್ಪಿಸಿದರೆ ಎರಡು ತಿಂಗಳೊಳಗೆ ಬದಲಿ ದಿನ ಕೊಡಬೇಕೆಂದೂ ಹೇಳಿತು. ಲೆಕ್ಕ ಹಾಕಿ ನೋಡಿ. ವಾರದ ರಜೆಗೆ ಒಂದು ಸಾಂದರ್ಭಿಕ ದಿನ ಜೋಡಿಸಿದರೆ ಕೂಡಿದ ಎರಡು ದಿನ, ವರ್ಷಕ್ಕೆ ಎಂಟು ಬಾರಿ! ಜ್ವರಕ್ಕೆ, ಊರಿನ ಕಾರ್ಯಕ್ಕೆ ಆರು ಕಳೆಯಿರಿ. ಎರಡಾದರೂ ಉಳಿಯುತ್ತದಲ್ಲವೇ? ಕಾಗದದ ಮೇಲೆ ಉಳಿಯುತ್ತದೆ. ಗಲ್ಲೆಯ ಹತ್ತಿರ ಹೋಗಿ ಕೇಳಿದರೆ, "ಹೋಗು, ಆದರೆ ಮರಳಿ ಬರಬೇಡ."

ಇಷ್ಟು ಸಾಲದೆಂದು 2025ರ ಸೆಪ್ಟೆಂಬರದಲ್ಲಿ ರಾಜ್ಯದ ಸಚಿವ ಸಂಪುಟ ದಿನದ ದುಡಿಮೆಯನ್ನು 9ರಿಂದ 10 ಗಂಟೆಗೆ ಏರಿಸಲು, ಕಾಯಿದೆ ಹತ್ತರ ಬದಲು 20 ಜನರಿರುವ ಕಡೆಗೆ ಮಾತ್ರ ಅನ್ವಯಿಸಲು ಒಪ್ಪಿಗೆ ಕೊಟ್ಟಿತು. ನಮ್ಮವರು ದುಡಿಯುವ ಎಷ್ಟು ಸಣ್ಣ ಹೋಟೇಲುಗಳಲ್ಲಿ 20 ಜನರಿದ್ದಾರೆ? ಹನ್ನೆರಡು, ಹದಿನೈದು. ಬೇಲಿಯನ್ನು ಒಳಕ್ಕೆ ಸರಿಸಿ, ಹೊರಗುಳಿದವನಿಗೆ 'ನೀನು ಸ್ವತಂತ್ರ' ಎಂದ ಹಾಗಾಯಿತು.

"ಭಾನುವಾರವೇ ವ್ಯಾಪಾರ, ಅಂದು ಬಿಟ್ಟರೆ ಹೋಟೇಲು ಮುಚ್ಚಬೇಕು" ಎಂಬುದು ಮಾಲಕರ ಹಳೆಯ ಹಾಡು. ಎಲ್ಲರನ್ನೂ ಬಿಡಿರೆಂದು ಯಾರು ಹೇಳಿದರು? ಹನ್ನೆರಡು ಜನರಿದ್ದಲ್ಲಿ ಭಾನುವಾರಕ್ಕೆ ಇಬ್ಬರಂತೆ ಸರದಿ ಇಟ್ಟರೆ ಪ್ರತಿಯೊಬ್ಬನಿಗೂ ಆರು ವಾರಕ್ಕೊಂದು ಭಾನುವಾರ ಸಿಗುತ್ತದೆ. ಮಾಲಕರ ಮನೆಯ ಮದುವೆಗೆ ನಾಲ್ಕು ಜನರನ್ನು ಒಯ್ದ ದಿನ ಹೋಟೇಲು ಮುಚ್ಚುವುದಿಲ್ಲವಲ್ಲ!

ನಮ್ಮವರಿಗೂ ಎರಡು ಮಾತು ಹೇಳಬೇಕು. ರಜೆಯ ದಿನ ಇನ್ನೊಂದು ಕಡೆ ಬದಲಿ ದುಡಿದು ಬರುವವರಿದ್ದಾರೆ. ಸಾಲ ಇದ್ದವನ ಮೇಲೆ ನಾವು ಕಲ್ಲೆಸೆಯುವುದಿಲ್ಲ. ಆದರೆ ವರ್ಷದ ಎಲ್ಲ ರಜೆಯನ್ನೂ ಮಾರಿದರೆ, ಅದನ್ನು ಯಾರೂ ಕೇಳುತ್ತಿಲ್ಲವೆಂದು ಮಾಲಕರು ಸಭೆಯಲ್ಲಿ ನಮ್ಮ ಮುಖಕ್ಕೇ ಹೇಳುತ್ತಾರೆ. ಇನ್ನು ಕೆಲವರು "ಕಡಲಲ್ಲಿ ಏನಿದೆ, ನೀರು ತಾನೇ" ಎನ್ನುತ್ತಾರೆ. ಆ ಮಾತನ್ನು ನಾಲ್ಕು ವರ್ಷದ ಮಗುವಿಗೆ ಹೇಳಿ ನೋಡಲಿ.

ಗಿರಣಿಯ ಬಂಧುಗಳಿಗೆ ಇದು ಗೊತ್ತು. 1982ರ ಮುಷ್ಕರದ ಮೊದಲು ಲಾಲಬಾಗ, ಪರಳದ ಚಾಳುಗಳಿಂದ ಸಂಜೆ ನಡೆದೇ ದಾದರದ ಕಡಲಿಗೆ ಹೋಗಬಹುದಿತ್ತು. ಗಿರಣಿ ಹೋಯಿತು, ಖೋಲಿ ಹೋಯಿತು, ಸಂಸಾರಗಳು ಕಲ್ಯಾಣ, ವಿರಾರದ ಕಡೆ ಚದರಿದವು. ಈಗ ಅದೇ ಕಡಲಿಗೆ ಗಾಡಿ ಹಿಡಿಯಬೇಕು, ಮೊದಲೇ ಯೋಜನೆ ಹಾಕಬೇಕು.

ಹಾಕೋಣ. ಸಣ್ಣ ಮಕ್ಕಳಿದ್ದರೆ ದಿನಕ್ಕೆ ಒಂದೇ ಸ್ಥಳ, ಹೆಚ್ಚು ಬೇಡ. ಮಧ್ಯಾಹ್ನ ಮಗು ಮಲಗಲೇಬೇಕು; ಆ ಹೊತ್ತಿಗೆ ಮರಳೂ ಕಾಯುತ್ತದೆ. ಚೌಪಾಟಿ, ಜುಹೂ ಎರಡೂ ಪಶ್ಚಿಮಕ್ಕೆ ಮುಖ ಮಾಡಿದವು, ನಾಲ್ಕರ ಮೇಲೆ ಇಳಿದರೆ ಸೂರ್ಯ ಮುಳುಗುವುದನ್ನು ಕಂಡೇ ಬರಬಹುದು. ಭಾನುವಾರ ರೈಲ್ವೆಯವರು ರಿಪೇರಿಗೆಂದು ಹಗಲು ಮೆಗಾಬ್ಲಾಕ್ ಇಡುತ್ತಾರೆ. ಹಿಂದಿನ ದಿನವೇ ಕೇಳಿಕೊಂಡು ಬೆಳಿಗ್ಗೆ ಬೇಗ ಹೊರಡಬೇಕು, ಇಲ್ಲವಾದರೆ ಮಗುವನ್ನು ಹೆಗಲಲ್ಲಿ ಹೊತ್ತು ಫಲಾಟಿನ ಮೇಲೇ ದಿನ ಕಳೆಯುತ್ತದೆ. ಘಾರಾಪುರಿ ಸೋಮವಾರ ಮುಚ್ಚಿರುತ್ತದೆ, ಭಾಯಖಳದ ರಾಣಿಬಾಗ ಬುಧವಾರ. ನಮಗೆ ರಜೆ ಸಿಗುವುದೂ ಅಂಥ ದಿನಗಳಲ್ಲೇ ಎಂಬುದು ಬೇರೆ ಮಾತು!

ಮಳೆಗಾಲದಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ. ನಾಲ್ಕೂವರೆ ಮೀಟರಿಗೂ ಮೇಲೆ ಉಬ್ಬರ ಏರುವ ದಿನಗಳ ಪಟ್ಟಿಯನ್ನು ಮಹಾನಗರಪಾಲಿಕೆ ಹೊರಡಿಸುತ್ತದೆ. ಊರಿನ ಕಡಲು ಬಲ್ಲೆನೆಂಬ ಜಂಬ ಅಂದು ಕೆಲಸಕ್ಕೆ ಬಾರದು. ಅದೇ ಕಾಲಕ್ಕೆ ಜುಹೂ ಮರಳಿನ ಮೇಲೆ ನೀಲಿ ಬುಗ್ಗೆಯಂಥ ವಿಷದ ಜಂತು ಬಂದು ಬೀಳುತ್ತದೆ, ಮಕ್ಕಳು ಬಣ್ಣ ಕಂಡು ಕೈ ಹಾಕುತ್ತವೆ. ನವೆಂಬರದಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ.

ರಾತ್ರಿ ಎಲ್ಲಿ ತಂಗುವುದು? ಬೇರೆಯವರ ಹಾಸಿಗೆಗೆ ಬಿಳಿ ಚಾದರ ಹೊದಿಸುವ ನಮಗೆ ಲಾಜಿನ ಒಂದು ದಿನದ ಬಾಡಿಗೆ ಕೈಗೆಟುಕದು. ದೂರದ ಉಪನಗರದಿಂದ ಬರುವ ಸಂಸಾರಗಳಿಗೆ ಚಳಿಗಾಲದಲ್ಲಿ ಸಂಘದ ಕಚೇರಿಯ ಕೋಣೆಯನ್ನು ಸರದಿಯ ಮೇಲೆ ತೆರೆದಿಡಬೇಕೆಂದು ನಾವು ಕಾರ್ಯಕಾರಿಣಿಯ ಮುಂದೆ ಇಡುತ್ತಿದ್ದೇವೆ. ಅದರೊಡನೆ ಎರಡು ಬೇಡಿಕೆ: ಸರದಿಯ ಭಾನುವಾರ, ವರ್ಷಕ್ಕೆ ಎರಡು ಸಲ ಕೂಡಿದ ಎರಡು ದಿನ. ಕಾಯಿದೆಯ ಬೇಲಿಯ ಒಳಗಿರಲಿ ಹೊರಗಿರಲಿ, ಎಲ್ಲ ಹೋಟೇಲಿಗೂ ಇದೇ ಬೇಡಿಕೆ.

ಅರ್ಜಿಯನ್ನು ಒಬ್ಬೊಬ್ಬರೇ ಕೊಡಬೇಡಿ. ಒಂದು ಹೋಟೇಲಿನವರೆಲ್ಲ ಒಂದೇ ಕಾಗದದ ಮೇಲೆ ಹೆಸರು ಬರೆಯಿರಿ, ಯಾರಿಗೆ ಯಾವ ಭಾನುವಾರ ಎಂಬುದನ್ನೂ ನೀವೇ ಗೊತ್ತುಮಾಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಗಲ್ಲೆಯವರ ರುಜು ತೆಗೆದುಕೊಂಡು ಸಂಘಕ್ಕೆ ತನ್ನಿ. ರುಜು ಹಾಕದಿದ್ದರೂ ತನ್ನಿ. ಮರುದಿನ ನಾವೇ ಬರುತ್ತೇವೆ.