ಕೊರಿಯದ ಕೋಳಿಯೂ ನಮ್ಮ ಪಂಕ್ತಿಯೂ

ಇತ್ತಿತ್ತಲಾಗಿ ನಮ್ಮ ಸುಶಿಕ್ಷಿತರ ಮನೆಗಳಲ್ಲಿ ಹೊಸದೊಂದು ಹುಯಿಲು ಎದ್ದಿದೆ. ನವಲಗುಂದ, ಅಣ್ಣಿಗೇರಿ, ಯಮನೂರುಗಳಿಂದ ವಿದ್ಯಾಭ್ಯಾಸಕ್ಕೆಂದೂ ನೌಕರಿಗೆಂದೂ ದೊಡ್ಡ ಊರುಗಳಿಗೆ ಹೋದ ನಮ್ಮ ತರುಣ ತರುಣಿಯರು ಅಲ್ಲಿಯ ಉಪಾಹಾರಗೃಹಗಳನ್ನು ಹೊಕ್ಕು, ಬೆಂಚಿನ ಮೇಲೆ ಗುರುತಿಲ್ಲದವರ ಮಗ್ಗುಲಲ್ಲಿ ಕುಳಿತು, ಕೊರಿಯ ದೇಶದ ಕರಿದ ಕೋಳಿಯನ್ನೂ ಅಲ್ಲಿಯ ಬೀದಿಯ ತಿನಿಸುಗಳನ್ನೂ ಬೆರಳಿಗೆ ಕೆಂಪು ಹತ್ತುವಂತೆ ತಿನ್ನುತ್ತಾರೆ. ಸೂಟಿಗೆ ಊರಿಗೆ ಬಂದಾಗ ಅದರ ರುಚಿಯನ್ನು ಮುಚ್ಚುಮರೆಯಿಲ್ಲದೆ ವರ್ಣಿಸುತ್ತಾರೆ. ಇದನ್ನು ಕೇಳಿ ಹಿರಿಯರು ಹೌಹಾರುತ್ತಾರೆ. ರೊಟ್ಟಿ-ಝುಣಕದ ನಾಡು ಮುಳುಗಿತೆಂದೂ, ಪರದೇಶದ ಉಚ್ಛಿಷ್ಟಕ್ಕೆ ನಮ್ಮ ಮಕ್ಕಳು ಬಾಯ್ದೆರೆದರೆಂದೂ ಉಪನ್ಯಾಸಗಳಾಗುತ್ತವೆ. ಈ ಉಪನ್ಯಾಸಗಳಲ್ಲಿ ಆಡುವ ಮಾತು ಒಂದು, ಮನಸ್ಸಿನಲ್ಲಿರುವ ಮಾತು ಮತ್ತೊಂದು ಎಂದು ನನಗೆ ತೋರುವುದರಿಂದ ಲೇಖನಿಯನ್ನು ಕೈಗೆತ್ತಿಕೊಂಡಿದ್ದೇನೆ. ನಾನು ಹುಟ್ಟಿದಂದಿನಿಂದಲೂ ಶಾಕಾಹಾರಿ. ಆದುದರಿಂದ ನಾಲಗೆಯ ಚಾಪಲ್ಯದಿಂದ ಈ ಪಕ್ಷವನ್ನು ಹಿಡಿದನೆಂಬ ಆಕ್ಷೇಪಣೆಗೆ ಇಲ್ಲಿ ಅವಕಾಶವಿಲ್ಲ.

ದೂಷಿಸುವದಕ್ಕೆ ಮುಂಚೆ ದೂಷ್ಯವಸ್ತು ಯಾವುದೆಂಬದನ್ನಾದರೂ ತಿಳಿದಿರಬೇಕಷ್ಟೆ. ಕೋಳಿಯ ತುಣುಕುಗಳಿಗೆ ಬಟಾಟೆಯ ಅಥವಾ ಗೋವಿನಜೋಳದ ಹಿಟ್ಟನ್ನು ತೆಳ್ಳಗೆ ಸವರಿ ಒಮ್ಮೆ ಕರಿಯುತ್ತಾರೆ. ತೆಗೆದು ಆರಗೊಟ್ಟು ಮತ್ತೊಮ್ಮೆ ಕರಿಯುತ್ತಾರೆ. ಎರಡನೆಯ ಸಲದ ಕಾವಿಗೆ ಒಳಗಿನ ನೀರಿನಂಶ ಹಾರಿ ಮೇಲಿನ ಪದರು ಹಪ್ಪಳದಂತೆ ಗರಿಗರಿಯಾಗುತ್ತದೆ. ಬಳಿಕ ಅದನ್ನು ಹಾಗೆಯೇ ಬಡಿಸುವದುಂಟು. ಇಲ್ಲವೆ ಬೆಳ್ಳುಳ್ಳಿ, ಸಕ್ಕರೆಯ ಪಾಕ, 'ಗೋಚುಜಾಂಗ್' ಎಂಬ ಮೆಣಸಿನಕಾಯಿಯ ಹಿಂಡಿ ಇವುಗಳಲ್ಲಿ ಹೊರಳಿಸುವದುಂಟು. ಈ ಹಿಂಡಿ ಮೆಣಸಿನಪುಡಿ, ಜಿಗುಟಕ್ಕಿ, ಹುದುಗಿಸಿದ ಸೋಯಾ ಅವರೆ, ಉಪ್ಪು ಇಷ್ಟನ್ನೂ ಕಲಸಿ ಗಡಿಗೆಗಳಲ್ಲಿ ತುಂಬಿ ತಿಂಗಳುಗಟ್ಟಲೆ ಬಿಸಿಲಿಗಿಟ್ಟು ಮಾಡಿದ್ದು. ನಮ್ಮ ಅತ್ತೆ-ಅವ್ವಂದಿರು ಹಣ್ಣು ಮೆಣಸಿನಕಾಯಿಯನ್ನು ಅರೆದು ಭರಣಿಗೆ ತುಂಬಿಡುವ ರಂಜಕವನ್ನು ಬಲ್ಲವರಿಗೆ ಇದೇನೂ ಪರಕೀಯವಾಗಿ ಕಾಣಲಾರದು. ಪಕ್ಕದಲ್ಲಿ ನಂಜಿಕೊಳ್ಳಲು ಹುಳಿಯಲ್ಲಿ ನೆನೆಸಿದ ಮೂಲಂಗಿಯ ತುಂಡುಗಳು. 'ತೋಕ್‌ಬೊಕ್ಕಿ' ಎಂಬುದು ಅಕ್ಕಿಹಿಟ್ಟನ್ನು ನಾದಿ ಬೆರಳಿನಷ್ಟು ಉದ್ದಕ್ಕೆ ಹೊಸೆದ ಕಡುಬು. ಅದೇ ಕೆಂಪು ಹಿಂಡಿಯ ಗೊಜ್ಜಿನಲ್ಲಿ ಕುದಿಸಿ ತಳ್ಳುಗಾಡಿಗಳ ಮೇಲೆ ಮಾರುತ್ತಾರೆ. ನಮ್ಮಲ್ಲಿ ಮಿರ್ಚಿ, ಗಿರ್ಮಿಟ್ಟು ಹೇಗೋ ಅಲ್ಲಿ ಇವು ಹಾಗೆ.

ಇದು ಶ್ರೀಮಂತರ ವಿಲಾಸದಿಂದ ಹುಟ್ಟಿದ ಅಡಿಗೆಯೂ ಅಲ್ಲ. ೧೯೫೦ರಿಂದ ೧೯೫೩ರ ವರೆಗಿನ ಯುದ್ಧದಲ್ಲಿ ಆ ದೇಶ ಬೂದಿಯಾಯಿತು. ಯುದ್ಧ ನಿಂತ ಮೇಲೆ ಸೆರೆಯಾಳುಗಳನ್ನು ಅವರವರ ದೇಶಕ್ಕೆ ಮುಟ್ಟಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ಕೆ. ಎಸ್. ತಿಮ್ಮಯ್ಯನವರೆಂಬದನ್ನು ಕೊರಿಯವು ಯಾವ ಮೂಲೆಯದೋ ಎನ್ನುವವರು ನೆನೆಯಲಿ. ಆ ಬಡತನದಲ್ಲಿ ಕೋಳಿ ಸಂಬಳದ ದಿನದ ಭಾಗ್ಯವಾಗಿತ್ತು. ಅರಮನೆಯಲ್ಲಿ ಸೋಯಾ ರಸದಲ್ಲಿ ಬೇಯುತ್ತಿದ್ದ ಕಡುಬು ಬೀದಿಗಿಳಿದು ಕೆಂಪಾದದ್ದೂ, ಅಕ್ಕಿಗೆ ಬದಲಾಗಿ ಅಮೇರಿಕದ ನೆರವಿನ ಗೋದಿಯ ಹಿಟ್ಟು ಅದರಲ್ಲಿ ಸೇರಿದ್ದೂ ಯುದ್ಧಾನಂತರದ ಕಾಲದಲ್ಲಿಯೇ. ೧೯೭೧ರಲ್ಲಿ ಅಲ್ಲಿಯೇ ತಯಾರಾದ ಸೋಯಾ ಎಣ್ಣೆ ಪೇಟೆಗೆ ಬಂದಿತು. ೧೯೭೭ರಲ್ಲಿ ಸಿಯೋಲ್ ನಗರದ ದೊಡ್ಡ ಅಂಗಡಿಯೊಂದರಲ್ಲಿ ಕರಿದ ಕೋಳಿಯ ಮೊದಲ ಸರಪಳಿ ಮಳಿಗೆ ತೆರೆಯಿತು. ೧೯೯೭ರ ಆರ್ಥಿಕ ಕುಸಿತದಲ್ಲಿ ನೌಕರಿ ಕಳಕೊಂಡ ಎಷ್ಟೋ ಗೃಹಸ್ಥರು ಕೈಯಲ್ಲುಳಿದ ಹಣದಿಂದ ಒಂದೊಂದು ಬಾಣಲೆಯನ್ನಿಟ್ಟುಕೊಂಡು ಬದುಕಿದರು. ೨೦೧೯ರ ಗಣನೆಯೊಂದರಂತೆ ಆ ಸಣ್ಣ ದೇಶದಲ್ಲಿ ಇಂಥ ಅಂಗಡಿಗಳು ಸುಮಾರು ೮೭,೦೦೦ ಇದ್ದವು. ಹಸಿವಿನಿಂದ ಮೇಲಕ್ಕೆದ್ದ ಜನರ ಊಟವನ್ನು ಉಚ್ಛಿಷ್ಟವೆಂದು ಕರೆಯುವದಕ್ಕೆ ನಮಗೆ ಅಧಿಕಾರವನ್ನು ಕೊಟ್ಟವರು ಯಾರು?

ಇನ್ನು ಪರದೇಶದ್ದೆಂಬ ದೂಷಣೆ. ಮೆಣಸಿನಕಾಯಿ ಅಮೇರಿಕದ ಗಿಡ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ತೀರಕ್ಕೆ ಬಂದಿತು. ಅದೇ ವ್ಯಾಪಾರದ ಹಾದಿ ಹಿಡಿದು ಮುಂದೆ ಸಾಗಿ ಅದೇ ಶತಮಾನದ ಕೊನೆಯ ಸುಮಾರಿಗೆ ಕೊರಿಯವನ್ನೂ ಮುಟ್ಟಿತು. ೧೬೧೪ರ ಕೊರಿಯ ಗ್ರಂಥವೊಂದರಲ್ಲಿ ಅದರ ಉಲ್ಲೇಖವಿದೆ. ಅಂದಮೇಲೆ ಕುಂದಗೋಳದ ಎರೆಹೊಲದಲ್ಲಿ ಕೆಂಪೇರುವ ಬ್ಯಾಡಗಿ ಮೆಣಸಿನಕಾಯಿಯೂ ಕೊರಿಯದ ಗಡಿಗೆಯಲ್ಲಿಯ ಮೆಣಸಿನಕಾಯಿಯೂ ಒಂದೇ ತಾಯ ಮಕ್ಕಳು. ಎರಡರಲ್ಲಿಯೂ ಖಾರ ಮಿತ, ಬಣ್ಣ ಅಮಿತ. ಬಟಾಟೆ, ಶೇಂಗಾ, ಗೋವಿನಜೋಳ ಇವು ಮೂರೂ ಅದೇ ಖಂಡದಿಂದ ಬಂದವು. ಪರದೇಶದ್ದನ್ನೆಲ್ಲ ಹೊರಕ್ಕೆ ಹಾಕಹೊರಟರೆ ನಮ್ಮ ಶೇಂಗಾ ಹಿಂಡಿಯೂ ಕೆಂಪು ಖಾರವೂ ಬುಟ್ಟಿಯಿಂದ ಎದ್ದು ಹೋಗಬೇಕಾಗುವದು.

ಇದು ಪಂಡಿತರ ಚರ್ಚೆಯಾಯಿತೆಂದರೆ, ಕಣ್ಣಿಗೆ ಕಾಣುವ ಸಾಕ್ಷಿಯನ್ನೇ ತೆಗೆದುಕೊಳ್ಳೋಣ. ಯಮನೂರಿನ ಜಾತ್ರೆಗೆ ಹೋಗಿರಿ. ನಮ್ಮ ಸೀಮೆಯ ಯಾವ ಜಾತ್ರೆಗಾದರೂ ಹೋಗಿರಿ. ಮಿರ್ಚಿಯ ಬಾಣಲೆಯ ಮಗ್ಗುಲಲ್ಲಿ ಗೋಬಿ ಮಂಚೂರಿಯ ಗಾಡಿ ಇದ್ದೇ ಇದೆ. ಹೂಕೋಸು ಹಿಂದುಸ್ಥಾನಕ್ಕೆ ಬಂದದ್ದು ೧೮೨೨ರಲ್ಲಿ, ಇಂಗ್ಲಿಷರಿಂದ. ಸೋಯಾ ರಸವು ಚೀನದ್ದು. ಹೆಸರೋ ಮಂಚೂರಿಯ ದೇಶದ್ದು. ಆ ದೇಶವು ಕೊರಿಯದ ಗಡಿಗೆ ಹತ್ತಿಯೇ ಇದೆ! ಈ ಮಂಚೂರಿಯನ್ನು ನಮ್ಮ ಸಂಸ್ಕೃತಿರಕ್ಷಕರು ಮಕ್ಕಳಿಗೆ ತಾವೇ ಕೊಂಡು ಕೊಡುತ್ತಾರೆ, ತಾವೂ ಎರಡು ತುಣುಕು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದರ ಕುಲಗೋತ್ರಗಳನ್ನು ಇಂದಿನ ವರೆಗೆ ಯಾರೂ ಕೇಳಲಿಲ್ಲ. ಮಂಚೂರಿಯದು ನಡೆಯುತ್ತದೆ, ನದಿಯಾಚೆಯ ಕೊರಿಯದ್ದು ನಡೆಯುವದಿಲ್ಲವೆಂದರೆ ಅದಕ್ಕೆ ಭೂಗೋಳವು ಕಾರಣವಾಗಿರಲಾರದು. ಒಂದು ಹೂಕೋಸು, ಮತ್ತೊಂದು ಕೋಳಿ. ಇಷ್ಟೇ ಸಂಗತಿ. ಹಾಗಿದ್ದಮೇಲೆ ಆ ಮಾತನ್ನೇ ನೇರವಾಗಿ ಆಡಬಾರದೇಕೆ?

ನೇರವಾಗಿ ಆಡಿದ ಪ್ರಸಂಗವೂ ಉಂಟು. ೨೦೨೪ರ ದಶಂಬರ ೨೦ರಿಂದ ೨೨ರ ವರೆಗೆ ಮಂಡ್ಯದಲ್ಲಿ ಜರುಗಿದ ೮೭ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆಗಳಿಗೆ ಹಾಕಿದ ನಿಯಮಗಳಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಇವು ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನಿಷೇಧಿಸಲಾಗಿತ್ತು. ಮಂಡ್ಯವೆಂದರೆ ಮುದ್ದೆ-ಬಾಡೂಟದ ನಾಡು. ಅಲ್ಲಿಯ ಜನರು ಕೆರಳಿದರು. ನಮ್ಮ ಮನೆಯ ಊಟ ಹೆಂಡಕ್ಕೂ ಹೊಗೆಸೊಪ್ಪಿಗೂ ಜೊತೆಯಾದದ್ದು ಯಾವ ನ್ಯಾಯದಿಂದ ಎಂದು ಕೇಳಿದರು, ಸಮ್ಮೇಳನದಲ್ಲಿ ಬಾಡೂಟವನ್ನು ಬಡಿಸಬೇಕೆಂದು ಹಟ ಹಿಡಿದರು. ಇದಕ್ಕೂ ಮೊದಲು, ೨೦೨೧ರಲ್ಲಿ, ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ತತ್ತಿ ಕೊಡಲು ಸರಕಾರ ತೊಡಗಿದಾಗ ಕೆಲವು ಮಠಗಳಿಂದ ವಿರೋಧ ಬಂದಿತ್ತು. ನಾನು ಮಾಂಸವನ್ನು ತಿನ್ನುವದಿಲ್ಲ. ತಿನ್ನದಿರುವದು ನನ್ನ ವ್ರತ. ವ್ರತವೆಂಬುದು ಹಿಡಿದವನನ್ನು ಕಟ್ಟತಕ್ಕದ್ದೇ ಹೊರತು ಪಕ್ಕದವನ ತಾಟನ್ನು ಕಸಿಯತಕ್ಕದ್ದಲ್ಲ. ಕನ್ನಡವನ್ನಾಡುವವರಲ್ಲಿ ಬಹುಜನರು ಉಣ್ಣುವ ಊಟವನ್ನು ಕನ್ನಡದ ಹಬ್ಬದ ಚಪ್ಪರದಿಂದ ಹೊರಗಿಟ್ಟು, ಆ ಹಬ್ಬಕ್ಕೆ 'ಅಖಿಲ' ಎಂಬ ವಿಶೇಷಣವನ್ನು ಹಚ್ಚುವದು ಎಂಥ ವ್ಯಾಕರಣ?

ಪ್ರಾಚೀನ ಸಂಸ್ಕೃತಿಯ ಮಾತೆತ್ತುವವರು ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣವನ್ನು ತೆರೆದು ನೋಡಲಿ. ಹನ್ನೆರಡನೆಯ ಶತಮಾನದ ಆ ಕನ್ನಡ ದೊರೆ ಕೆಂಡದ ಮೇಲೆ ಸುಟ್ಟ ಮಾಂಸ, ಎಣ್ಣೆಯಲ್ಲಿ ಕರಿದ ಮಾಂಸ, ಕರುಳನ್ನು ತುಂಬಿ ಬೇಯಿಸುವ ಭಕ್ಷ್ಯ ಇವನ್ನೆಲ್ಲ ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ. ಸಿಯೋಲಿನ ಬೀದಿಯಲ್ಲಿ ಕರುಳಿನ ತಿನಿಸನ್ನು ಕಂಡು ಮೂಗು ಮುಚ್ಚಿಕೊಳ್ಳುವವರು ಅಣ್ಣಿಗೇರಿಯ ಚಾಲುಕ್ಯ ದೇಗುಲದ ಮುಂದೆ ಎದೆಯುಬ್ಬಿಸಿ ನಿಲ್ಲುವಾಗ ಇದನ್ನೂ ಸ್ವಲ್ಪ ಜ್ಞಾಪಿಸಿಕೊಳ್ಳಬೇಕು.

ಆದರೆ ಮಾಂಸದ ಪ್ರಶ್ನೆಯ ಅಡಿಯಲ್ಲಿ ಇನ್ನೂ ಹಳೆಯದೊಂದು ಪ್ರಶ್ನೆ ಅಡಗಿದೆ, ಅದು ಪಂಕ್ತಿಯದು. ಯಾರೊಡನೆ ಕುಳಿತು ಉಂಡೆ ಎಂಬ ಪ್ರಶ್ನೆ, ಏನನ್ನು ಉಂಡೆ ಎಂಬ ಪ್ರಶ್ನೆಗಿಂತ ನಮ್ಮ ಹಿರಿಯರಿಗೆ ದೊಡ್ಡದಾಗಿತ್ತು. ನಮ್ಮ ಪೇಟೆಗಳಲ್ಲಿಯ ಖಾನಾವಳಿಗಳ ಹಲಗೆಗಳನ್ನು ಓದಿರಿ: ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ, ಹೀಗೆ ಊಟದ ಹೆಸರಿಗಿಂತ ಮುಂಚೆ ಜಾತಿಯ ಹೆಸರು. ಹಳ್ಳಿಯ ಚಹದ ಅಂಗಡಿಗಳಲ್ಲಿ ಕೆಲವರಿಗೆ ಬೇರೆ ಲೋಟವನ್ನಿಟ್ಟು, ತೊಳೆಯುವ ಕೆಲಸವನ್ನೂ ಅವರಿಗೇ ಬಿಟ್ಟ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ ೧೫ನೆಯ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೊಟೇಲು ಇವುಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣದಿಂದ ಅಲ್ಲಿ ಯಾರನ್ನೂ ತಡೆಯಕೂಡದೆಂದು ವಿಧಿಸಿದೆ. ರಾಷ್ಟ್ರದ ಮೂಲಶಾಸನದಲ್ಲಿ ಫರಾಳದ ಅಂಗಡಿಯ ಮಾತೇಕೆಂದು ನಗುವವರು ನಗಲಿ. ಅದನ್ನು ರಚಿಸಿದ ಸಮಿತಿಯ ಅಧ್ಯಕ್ಷರಾದ ಡಾ. ಅಂಬೇಡಕರರಿಗೆ ನೀರಡಿಕೆ ಎಂದರೇನೆಂಬದು ಗೊತ್ತಿತ್ತು. ೧೯೫೫ರ ಅಸ್ಪೃಶ್ಯತಾ ನಿವಾರಣೆಯ ಕಾಯಿದೆಯು ಅದೇ ಅಪರಾಧಕ್ಕೆ ಶಿಕ್ಷೆಯನ್ನು ಗೊತ್ತುಪಡಿಸಿತು.

ಈಗ ಆ ಕೊರಿಯದ ಅಂಗಡಿಯ ಬೆಂಚನ್ನು ನೋಡೋಣ. ಅಲ್ಲಿ ಹಣವಿದ್ದವನಿಗೆ ಸ್ಥಳವಿದೆ. ಎದುರಿಗೆ ಕುಳಿತವನು ಯಾರ ಮಗನೆಂದು ಕೇಳುವ ಪದ್ಧತಿಯಿಲ್ಲ. ಒಂದೇ ತಟ್ಟೆಯನ್ನು ನಡುವೆ ಇಟ್ಟು ನಾಲ್ವರು ಕೈಹಾಕುತ್ತಾರೆ. ಹಣವಿಲ್ಲದವನಿಗೆ ಸ್ಥಳವಿಲ್ಲವೆಂಬದೂ ನಿಜ. ಆ ದೋಷ ನಮ್ಮ ಎಲ್ಲ ಅಂಗಡಿಗಳಿಗೂ ಸಮಾನವಾದದ್ದು. ಎಲ್ಲರೂ ಕೂಡಿ ತಿನ್ನುವ ಈ ರೀತಿಯನ್ನು ನಮ್ಮ ಹುಡುಗರು ಕೊರಿಯದಿಂದ ಕಲಿಯಬೇಕಾಗಿಯೂ ಇರಲಿಲ್ಲ. ಬೆಣ್ಣೆಹಳ್ಳದ ದಂಡೆಯ ಯಮನೂರಿನಲ್ಲಿ ಒಬ್ಬನೇ ಸತ್ಪುರುಷನನ್ನು ಒಬ್ಬರು ಚಾಂಗದೇವನೆಂದೂ ಮತ್ತೊಬ್ಬರು ರಾಜಾ ಬಾಗಸವಾರನೆಂದೂ ಕರೆದು ಕೈಮುಗಿಯುತ್ತಾರೆ. ಹೋಳಿಯ ಸುಮಾರಿನ ಆ ಜಾತ್ರೆಯಲ್ಲಿ ಹಳ್ಳದ ನೀರಿಗಿಳಿದವರ, ಬಯಲಲ್ಲಿ ಬುತ್ತಿ ಬಿಚ್ಚಿದವರ, ಬಾಣಲೆಯ ಸುತ್ತ ನಿಂತು ಹಾಳೆಯಲ್ಲಿ ಮಿರ್ಚಿ ಕಟ್ಟಿಸಿಕೊಂಡವರ ಜಾತಿಯನ್ನು ಲೆಕ್ಕಿಸುವವನಾರು? ಜಾತ್ರೆಯ ಮೂರು ದಿನ ನಾವು ಒಪ್ಪುವದನ್ನು ನಮ್ಮ ಮಕ್ಕಳು ವರ್ಷದ ಮೂರು ನೂರ ಅರವತ್ತೈದು ದಿನವೂ ಒಪ್ಪಿಬಿಟ್ಟರಲ್ಲಾ ಎಂಬದೇ ಹಿರಿಯರ ಎದೆಯೊಳಗಿನ ನಿಜವಾದ ಮುಳ್ಳು. ಕೋಳಿ ಪಾಪ, ನಿಮಿತ್ತ ಮಾತ್ರ.

ಆಕ್ಷೇಪಿಸಲು ಏನೂ ಇಲ್ಲವೆಂದು ನಾನು ಹೇಳುವದಿಲ್ಲ. ಬೇಕಾದಷ್ಟು ಇದೆ, ಆದರೆ ಅದು ಬೇರೆ ಕಡೆಗೆ ಇದೆ. ಎರಡು ಸಲ ಕರಿಯುವ ಅಡಿಗೆಗೆ ಎಣ್ಣೆ ಬಹಳ ಬೇಕು, ಲೋಭಿಯಾದ ಅಂಗಡಿಕಾರನು ಅದನ್ನೇ ಮತ್ತೆ ಮತ್ತೆ ಕಾಯಿಸುತ್ತಾನೆ. ಹಾಗೆ ಕಾಯಿಸಿದಾಗ ಹುಟ್ಟುವ ಕೆಟ್ಟ ದ್ರವ್ಯಗಳು ನೂರಕ್ಕೆ ೨೫ನ್ನು ಮೀರಿದರೆ ಎಣ್ಣೆಯನ್ನು ಚೆಲ್ಲಬೇಕೆಂಬ ನಿಯಮ ೨೦೧೮ರ ಜುಲೈದಿಂದ ಇದೆ. ನಿಯಮವಿದೆ; ಬಾಣಲೆಯ ವರೆಗೆ ಹೋಗಿ ಅಳೆಯುವವರು ಎಷ್ಟು ಮಂದಿ? ಬಣ್ಣದ ಸಂಗತಿ ಇನ್ನೂ ಘೋರವಾದದ್ದು. ೨೦೨೪ರಲ್ಲಿ ನಮ್ಮ ಸರಕಾರ ಪರೀಕ್ಷಿಸಿದ ಗೋಬಿ ಮಂಚೂರಿಯ ೧೭೧ ಮಾದರಿಗಳಲ್ಲಿ ೧೦೭ರಲ್ಲಿ ಕೃತಕ ಬಣ್ಣ ಸಿಕ್ಕಿತು. ಬೊಂಬಾಯಿ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೊಡಮೈನ್-ಬಿ ಎಂಬ ಬಣ್ಣ ಸಿಕ್ಕಿತು. ಮಾರ್ಚ ೧೧ರಂದು ಇವುಗಳ ಬಣ್ಣಕ್ಕೆ ನಿಷೇಧ ಬಿದ್ದಿತು; ಜೂನಿನಲ್ಲಿ ಕಬಾಬುಗಳಿಗೂ ಅದು ಹಬ್ಬಿತು.

ಆ ಮಾರ್ಚ ೧೧ರಂದೇ ಬ್ಯಾಡಗಿಯಲ್ಲಿ ಏನಾಯಿತು? ಮೆಣಸಿನಕಾಯಿಯ ಬೆಲೆ ಒಮ್ಮಿಂದೊಮ್ಮೆಲೇ ಕುಸಿದು ಕಂಗೆಟ್ಟ ರೈತರು ಮಾರುಕಟ್ಟೆ ಸಮಿತಿಯ ಕಛೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿದ್ದಿತು. ಅತ್ತ ಬೆಂಗಳೂರಿನಲ್ಲಿ ತಿನಿಸಿಗೆ ವಿಷದ ಕೆಂಪನ್ನು ಹಾಕಬೇಡಿರೆಂಬ ಆಜ್ಞೆ; ಇತ್ತ ಬ್ಯಾಡಗಿಯಲ್ಲಿ, ೨೦೧೧ರಲ್ಲಿಯೇ ಭೌಗೋಲಿಕ ಗುರುತನ್ನು ಪಡೆದ, ಬಣ್ಣಕ್ಕಾಗಿಯೇ ಹೆಸರಾದ ಕೆಂಪಿಗೆ ಕೊಳ್ಳುವವರಿಲ್ಲದ ಗೋಳು; ಎರಡೂ ಒಂದೇ ದಿನ. ಸಂಸ್ಕೃತಿಯ ಹೆಸರಿನಲ್ಲಿ ಕಣ್ಣೀರು ಸುರಿಸುವವರಿಗೆ ಇದಕ್ಕಿಂತ ತಕ್ಕ ಕಾರಣ ದೊರಕಲಾರದು. ಆದರೂ ಈ ವಿಷಯವಾಗಿ ಒಂದು ಉಪನ್ಯಾಸವಾದದ್ದನ್ನು ನಾನು ಕೇಳಲಿಲ್ಲ. ಗೋಚುಜಾಂಗದ ಡಬ್ಬಿ ಸಮುದ್ರ ದಾಟಿ ಬರುತ್ತದೆ. ಅದೇ ಬಗೆಯ ಹಿಂಡಿಯನ್ನು ಕುಂದಗೋಳದಲ್ಲಿಯೋ ಅಣ್ಣಿಗೇರಿಯಲ್ಲಿಯೋ ನಮ್ಮದೇ ಮೆಣಸಿನಕಾಯಿಯಿಂದ ಹದಗೊಳಿಸಿ ಆ ಅಂಗಡಿಗಳಿಗೇ ಮಾರಬಾರದೇಕೆಂದು ನಮ್ಮ ಸಹಕಾರಿ ಸಂಘಗಳು ಯೋಚಿಸಿದರೆ, ನೂರು ಧಿಕ್ಕಾರಗಳಿಗಿಂತ ಅದು ಮೇಲು.

ಕೊರಿಯದವರು ತಮ್ಮ ಬೀದಿಯ ತಿನಿಸನ್ನು ನಾಚಿಕೆಯಿಂದ ಬಚ್ಚಿಡಲಿಲ್ಲ. ೨೦೦೯ರಲ್ಲಿ ಆ ತೋಕ್‌ಬೊಕ್ಕಿಯ ಸಲುವಾಗಿಯೇ ಒಂದು ಸಂಶೋಧನಾಲಯವನ್ನು ತೆರೆದರು. ತಳ್ಳುಗಾಡಿಯ ಕಡುಬಿಗೆ ಸಂಶೋಧನಾಲಯ! ನಮ್ಮವರಾದರೋ ಗಿರ್ಮಿಟ್ಟನ್ನು ಸಂಜೆ ಹೊತ್ತು ನಿಂತು ಚಪ್ಪರಿಸಿ, ಲೇಖನಿ ಹಿಡಿದಾಗ ಅದನ್ನು ಮರೆಯುತ್ತಾರೆ. ಮಂಡಕ್ಕಿಗೆ ಹುಣಸೆಯ ಗೊಜ್ಜನ್ನು ಎಷ್ಟು ಹಾಕಿದರೆ ಮೆತ್ತಗಾಗುವದಿಲ್ಲ, ಪುಟಾಣಿಯ ಹಿಟ್ಟು ಯಾವಾಗ ಬೀಳಬೇಕು, ಸಾವಜಿಯವರ ಮಸಾಲೆಗೆ ಆ ಕಪ್ಪು ಬಣ್ಣ ಹೇಗೆ ಬರುತ್ತದೆ ಎಂಬುದನ್ನು ಅವರವರ ಬಾಯಿಂದ ಕೇಳಿ ಬರೆದಿಡುವ ಕೆಲಸ ನಮ್ಮಂಥ ಜಿಲ್ಲಾ ಸಂಘಗಳದಲ್ಲದೆ ಇನ್ನಾರದು? ೧೫೦೮ರ ಸುಮಾರಿಗೆ ಮೂರನೆಯ ಮಂಗರಸನು ಅಡಿಗೆಯ ವಿದ್ಯೆಯನ್ನು 'ಸೂಪಶಾಸ್ತ್ರ'ವೆಂಬ ಕಾವ್ಯವಾಗಿಸಿದಾಗ ಅದನ್ನು ಸಾಹಿತ್ಯವೆಂದೇ ಎಣಿಸಿದ್ದನು.

ಈ ಲೇಖನಕ್ಕೆ ಉತ್ತರವನ್ನು ಬರೆಯುವ ಮಹಾಶಯರು ಅವಶ್ಯವಾಗಿ ಬರೆಯಬೇಕು. ಸಂಪಾದಕರು ಸ್ಥಳ ಕೊಡುವರೆಂದು ನಂಬಿದ್ದೇನೆ. ಮಂಚೂರಿಯ ಪ್ರಶ್ನೆಯನ್ನು ಮಾತ್ರ ಹಾರಿಸಿ ಮುಂದಕ್ಕೆ ಹೋಗಬಾರದೆಂದು ಅವರಲ್ಲಿ ನನ್ನ ವಿಜ್ಞಾಪನೆ.