ಬೀದರ್ ಎಷ್ಟು ದೂರ?

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಜನರಿಗೆ ವಿಮಾನ ನಿಲ್ದಾಣವೆಂದರೆ ಮಂಗಳೂರಿನ ಬಜ್ಪೆ. 1951ರಲ್ಲಿ ನೆಹರೂ ಉದ್ಘಾಟಿಸಿದ ಈ ನಿಲ್ದಾಣದಿಂದ ಗಲ್ಫ್‌ಗೆ ನೇರ ಹಾರಬಹುದು. ನಮ್ಮದೇ ರಾಜ್ಯದ ಕಲಬುರಗಿಗೆ ಮಾತ್ರ ನೇರ ವಿಮಾನವಿಲ್ಲ. ಬಜ್ಪೆಯಿಂದ ಕಲಬುರಗಿ ವಾಯುಮಾರ್ಗದಲ್ಲಿ ಸುಮಾರು 530 ಕಿ.ಮೀ., ಬೀದರ್ ಸುಮಾರು 615. ಬೆಂಗಳೂರು ಸುತ್ತಿ ಹೋದರೆ ಕಲಬುರಗಿಯ ದೂರವೇ 760 ದಾಟುತ್ತದೆ. ಕಾಯುವ ಹೊತ್ತು ಬೇರೆ.

ಈ ದೂರ ನಕ್ಷೆಯ ಲೆಕ್ಕವಷ್ಟೇ ಅಲ್ಲ. ಉತ್ತರ ಕರ್ನಾಟಕದ ವಿದ್ಯಾರ್ಥಿಗಳು, ರೋಗಿಗಳು ಮಣಿಪಾಲಕ್ಕೆ ಬರುತ್ತಾರೆ. ಉಡುಪಿಯ ಕಟ್ಟಡಗಳನ್ನು ಎಬ್ಬಿಸುವ ಎಷ್ಟೋ ಕೈಗಳು ಬಾಗಲಕೋಟೆ, ಗದಗ, ಕೊಪ್ಪಳದವು. ಊರಲ್ಲಿ ಸಾವಾದರೆ ಅವರ ಪಾಲಿಗೆ ಉಳಿಯುವುದು ರಾತ್ರಿಯಿಡೀ ಓಡುವ ಬಸ್ಸು. ಅಂತ್ಯಕ್ರಿಯೆಗೆ ತಲುಪುತ್ತೇವೆಂಬ ಭರವಸೆಯೂ ಇಲ್ಲದ ಪ್ರಯಾಣ ಅದು.

ಇಂಥ ದೂರವನ್ನು ವಿಮಾನದಿಂದಲೇ ದಾಟುವ ನಾಡೂ ಇದೆ. ಕೆನಡಾದ ಉತ್ತರದ ನುನಾವುಟ್‌ನಲ್ಲಿ 25 ಊರುಗಳಿವೆ. ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ಅಲ್ಲಿ ವಿಮಾನ ವೈಭೋಗವಲ್ಲ, ನಮ್ಮ ಸರ್ಕಾರಿ ಬಸ್ಸಿನ ಹಾಗೆ ಮೂಲಸೌಕರ್ಯ. ನಮಗೆ ರಸ್ತೆಯಿದೆ, ನಿಜ. ಆದರೆ ತುರ್ತು ಚಿಕಿತ್ಸೆಯ ಹೊತ್ತಿನಲ್ಲಿ ಘಾಟಿಯ ತಿರುವುಗಳು ಮುಗಿಯುವುದೇ ಇಲ್ಲ.

2017ರಲ್ಲಿ ಹಾರಾಟ ಆರಂಭಿಸಿದ ಕೇಂದ್ರದ ಉಡಾನ್ ಯೋಜನೆ ಸಣ್ಣ ಊರುಗಳನ್ನು ವಿಮಾನದಿಂದ ಜೋಡಿಸಲೆಂದೇ ಬಂದದ್ದು. 2019ರಲ್ಲಿ ಕಲಬುರಗಿ, 2020ರಲ್ಲಿ ಬೀದರ್ ನಾಗರಿಕ ವಿಮಾನ ಕಂಡವು. ರನ್‌ವೇ ಇದೆ, ಬೇಡಿಕೆಯೂ ಇದೆ. ವಾರಕ್ಕೆ ಎರಡೇ ದಿನವಾದರೂ ಸಣ್ಣ ವಿಮಾನವೊಂದು ಮಂಗಳೂರು–ಹುಬ್ಬಳ್ಳಿ–ಕಲಬುರಗಿ ನಡುವೆ ಹಾರಲಿ. ಆರಂಭದ ನಷ್ಟವನ್ನು ರಾಜ್ಯ ಸರ್ಕಾರ ಭರಿಸಬೇಕು. ಕರಾವಳಿಯ ಸಂಸದರು, ಶಾಸಕರು ಈ ಬೇಡಿಕೆಯನ್ನು ಕಲ್ಯಾಣ ಕರ್ನಾಟಕದ ಪ್ರತಿನಿಧಿಗಳ ಜೊತೆ ಒಟ್ಟಾಗಿ ಮಂಡಿಸಲಿ.