ಹಳೆಯ ಐಷಾರಾಮಿ ಕಾರು: ಕೊಳ್ಳುವ ಬೆಲೆ ಮತ್ತು ಸಾಕುವ ಬೆಲೆ

ವ್ಯಾಪಾರದಲ್ಲಿ ಒಂದೆರಡು ವರ್ಷ ಸತತವಾಗಿ ಲಾಭ ಕಂಡುಬಂದರೆ, ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಮನಸ್ಸಿನಲ್ಲಿ ಮೂಡುವ ಮೊದಲ ಆಸೆಗಳಲ್ಲಿ ಒಳ್ಳೆಯ ಕಾರೂ ಒಂದು. ಹೊಸದಾಗಿದ್ದಾಗ 60 ಲಕ್ಷ ರೂಪಾಯಿ ಬೆಲೆಯಿದ್ದ ಕಾರು ಆರು ವರ್ಷಗಳ ಬಳಿಕ 24 ಲಕ್ಷಕ್ಕೆ ದೊರೆಯುವುದಾದರೆ, ಅಷ್ಟೇ ಹಣಕ್ಕೆ ಬರುವ ಹೊಸ ಸಾಮಾನ್ಯ ಕಾರು ಸಪ್ಪೆಯಾಗಿ ಕಾಣುವುದು ಸಹಜ. ಅರ್ಧಕ್ಕಿಂತಲೂ ಕಡಿಮೆ ಬೆಲೆಗೆ ಸರಕು ಸಿಕ್ಕಿತೆಂಬ ಸಮಾಧಾನವೂ ವ್ಯಾಪಾರಿ ಬುದ್ಧಿಗೆ ಒಪ್ಪುವಂಥದ್ದೇ. ಆದರೆ ಈ ಸಮಾಧಾನದಲ್ಲಿ ಒಂದು ಮುಖ್ಯ ಅಂಶ ಮರೆತುಹೋಗುತ್ತದೆ. ಕಾರಿನ ಮಾರುಕಟ್ಟೆ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. 24 ಲಕ್ಷ ಕೊಟ್ಟು ಕೊಂಡ ಕಾರು ದುರಸ್ತಿಗೆ ಹೋದಾಗ 60 ಲಕ್ಷದ ಕಾರಾಗಿಯೇ ಬಿಲ್ ಪಡೆಯುತ್ತದೆ. ಹಳೆಯ ಐಷಾರಾಮಿ ಕಾರಿನ ಇಡೀ ಅರ್ಥಶಾಸ್ತ್ರ ಈ ಒಂದು ಮಾತಿನಲ್ಲಿ ಅಡಗಿದೆ.

ಬೆಲೆ ಬೀಳುವುದೇಕೆ?

ಐಷಾರಾಮಿ ಕಾರುಗಳ ಬೆಲೆ ಸಾಮಾನ್ಯ ಕಾರುಗಳ ಬೆಲೆಗಿಂತ ಬೇಗ ಕುಸಿಯುವುದಕ್ಕೆ ಕಾರಣಗಳಿವೆ. ಮೊದಲ ಮಾಲೀಕರು ಸಾಮಾನ್ಯವಾಗಿ ಕಂಪನಿಯ ಖಾತರಿ ಮುಗಿಯುವ ಹೊತ್ತಿಗೆ ಕಾರನ್ನು ಮಾರುತ್ತಾರೆ. ಖಾತರಿಯ ಹೊರಗಿನ ದುರಸ್ತಿಯ ಭಾರವನ್ನು ಬಲ್ಲ ಮಾರುಕಟ್ಟೆಯು ಆ ಭಾರವನ್ನು ಬೆಲೆಯಲ್ಲಿ ಮೊದಲೇ ಕಳೆದಿರುತ್ತದೆ. ಹೀಗಾಗಿ ಕೊಳ್ಳುವವನಿಗೆ ಸಿಗುವ ರಿಯಾಯಿತಿ ನಿಜವಾದ ಅರ್ಥದಲ್ಲಿ ರಿಯಾಯಿತಿಯಲ್ಲ, ಮುಂದೆ ಬರಲಿರುವ ಖರ್ಚಿನ ಮುಂಗಡ ಸೂಚನೆ.

ಇದರ ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯನ್ನೂ ಗಮನಿಸಬೇಕು. ಅದುವರೆಗೆ ದೊಡ್ಡ ಕಾರುಗಳ ಮೇಲೆ ಶೇಕಡಾ 28ರ ತೆರಿಗೆ ಮತ್ತು ಪರಿಹಾರ ಉಪಕರ ಸೇರಿ ಶೇಕಡಾ 48ರಿಂದ 50ರವರೆಗೆ ಭಾರ ಬೀಳುತ್ತಿತ್ತು. ಪರಿಷ್ಕರಣೆಯ ಬಳಿಕ ಉಪಕರವಿಲ್ಲದೆ ಶೇಕಡಾ 40 ಮಾತ್ರ. ಹೊಸ ಕಾರಿನ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕು. ಆದ್ದರಿಂದ ಹಳೆಯ ಕಾರಿನ ಬೆಲೆಯನ್ನು ಅದರ ಮೊದಲ ಮಾಲೀಕ ಅಂದು ಕೊಟ್ಟ ಬೆಲೆಯೊಡನೆ ಹೋಲಿಸಬಾರದು. ಅದೇ ದರ್ಜೆಯ ಹೊಸ ಕಾರಿನ ಇಂದಿನ ಬೆಲೆಯೊಡನೆ ಹೋಲಿಸಬೇಕು.

ದುರಸ್ತಿಯ ಸ್ವರೂಪ

ಐಷಾರಾಮಿ ಕಾರು ಕೆಟ್ಟ ಕಾರಲ್ಲ. ಆದರೆ ಅದರಲ್ಲಿ ಕೆಡಬಹುದಾದ ಭಾಗಗಳು ಹೆಚ್ಚು. ಸಾಮಾನ್ಯ ಕಾರಿನಲ್ಲಿ ಉಕ್ಕಿನ ಸ್ಪ್ರಿಂಗ್ ಇರುವ ಜಾಗದಲ್ಲಿ ಮೇಲ್ದರ್ಜೆಯ ಹಲವು ಕಾರುಗಳಲ್ಲಿ ಗಾಳಿ ತುಂಬಿದ ರಬ್ಬರ್ ಚೀಲಗಳ ಏರ್ ಸಸ್ಪೆನ್ಷನ್ ಇರುತ್ತದೆ. ರಬ್ಬರಿಗೆ ವಯಸ್ಸಾಗಿ ಸೋರಿಕೆ ಆರಂಭವಾದರೆ, ಒತ್ತಡ ಕಾಯ್ದುಕೊಳ್ಳಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ತಾನೂ ಕೆಡುತ್ತದೆ. ಒಂದು ಚೀಲದ ಸೋರಿಕೆ ಎರಡು ದುರಸ್ತಿಗಳಾಗಿ ಬೆಳೆಯುವುದು ಹೀಗೆ.

ಕೆಲವೊಮ್ಮೆ ಭಾಗದ ಬೆಲೆ ಅಲ್ಪ, ಅದನ್ನು ತಲುಪುವ ಕೂಲಿಯೇ ಅಧಿಕ. ಬಿಎಂಡಬ್ಲ್ಯು ಕಂಪನಿಯ ಎನ್47 ಡೀಸೆಲ್ ಎಂಜಿನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಟೈಮಿಂಗ್ ಚೈನ್ ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆಗಿದೆ. ಚೈನ್ ಸವೆದರೆ ಅದನ್ನು ಬದಲಿಸಲು ಗೇರ್‌ಬಾಕ್ಸನ್ನೋ ಎಂಜಿನ್ನನ್ನೋ ಕಳಚಬೇಕಾಗುತ್ತದೆ. ಸವೆದ ಚೈನ್ ತುಂಡಾದರೆ ಇಡೀ ಎಂಜಿನ್ನಿಗೇ ಸಂಚಕಾರ. ಫೋಕ್ಸ್‌ವ್ಯಾಗನ್ ಸಮೂಹದ ಏಳು ಗೇರುಗಳ, ಒಣ ಕ್ಲಚ್ಚಿನ ಡಿಎಸ್‌ಜಿ ಗೇರ್‌ಬಾಕ್ಸಿನ ದೋಷಕ್ಕಾಗಿ 2013ರಲ್ಲಿ ಚೀನಾದಲ್ಲಿ ಆಡಿಯ ಕೆಲವು ಮಾದರಿಗಳೂ ಸೇರಿ 3.84 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಹೆಸರಾಂತ ಲಾಂಛನವಿದ್ದ ಮಾತ್ರಕ್ಕೆ ಪ್ರತಿ ಎಂಜಿನ್, ಪ್ರತಿ ಗೇರ್‌ಬಾಕ್ಸ್ ಸಮಾನವಾಗಿ ಬಾಳುತ್ತದೆಂದು ಭಾವಿಸಲಾಗದು. ವಿಚಾರಿಸಬೇಕಾದದ್ದು ಲಾಂಛನವನ್ನಲ್ಲ, ಯಾವ ವರ್ಷದ, ಯಾವ ಎಂಜಿನ್ನಿನ ಮಾದರಿ ಎಂಬುದನ್ನು.

2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾದ ಬಳಿಕದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹೆದ್ದಾರಿಯಲ್ಲಿ ದೀರ್ಘಕಾಲ ಓಡಿದಾಗ ಈ ಫಿಲ್ಟರ್ ಚೆನ್ನಾಗಿ ಬಿಸಿಯೇರಿ, ಸಂಗ್ರಹವಾದ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಬ್ಯಾಂಕಿಗೆ ಎಂದು ದಿನಕ್ಕೆ ಐದಾರು ಕಿಲೋಮೀಟರ್ ಓಡಾಡುವವರಿಗೆ ಡೀಸೆಲ್ ಕಾರು ಹೊಂದುವುದಿಲ್ಲ. ಇಂಥವರು ಪೆಟ್ರೋಲ್ ಅಥವಾ ಹೈಬ್ರಿಡ್ ಕಾರನ್ನು ಪರಿಶೀಲಿಸುವುದು ಲೇಸು.

ಬಾಳಿಕೆಗೆ ಹೆಸರಾದ ಐಷಾರಾಮಿ ಕಾರುಗಳು ಇಲ್ಲವೆಂದಲ್ಲ. ಮೂರು ವರ್ಷ ಬಳಸಿದ ವಾಹನಗಳನ್ನು ಕುರಿತು ಅಮೆರಿಕದ ಜೆ.ಡಿ. ಪವರ್ ಸಂಸ್ಥೆ ಅಲ್ಲಿ ನಡೆಸುವ ಸಮೀಕ್ಷೆಯಲ್ಲಿ 2023, 2024 ಮತ್ತು 2025ರಲ್ಲಿ ಲೆಕ್ಸಸ್ ಮೊದಲ ಸ್ಥಾನ ಪಡೆದಿದೆ. ಇದೇ ಕಂಪನಿಯ ಇಎಸ್ 300ಎಚ್ ಹೈಬ್ರಿಡ್ ಕಾರಿನ ಜೋಡಣೆ ನಮ್ಮ ಬಿಡದಿಯಲ್ಲಿ 2020ರಲ್ಲಿ ಆರಂಭವಾಯಿತು. ಇಂಥ ಕಾರುಗಳು ಹಳೆಯದಾದಾಗಲೂ ಹೆಚ್ಚು ಬೆಲೆ ಕೇಳುತ್ತವೆ. ಆ ಹೆಚ್ಚಿನ ಬೆಲೆಯ ಒಂದು ಪಾಲು ದುರಸ್ತಿಯ ಉಳಿತಾಯವಾಗಿ ಮರಳಿ ಬರುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ವಿಮೆ ಎಲ್ಲವನ್ನೂ ಭರಿಸುವುದಿಲ್ಲ

ದುರಸ್ತಿಯ ಹೊರೆ ವಿಮೆಯ ಮೇಲೆ ಬೀಳುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಯಂತ್ರಭಾಗಗಳ ಸವೆತಕ್ಕೂ ವಿದ್ಯುತ್ ವೈಫಲ್ಯಕ್ಕೂ ಸಾಮಾನ್ಯ ವಿಮಾ ಪಾಲಿಸಿ ಹಣ ಕೊಡುವುದಿಲ್ಲ. ಅಪಘಾತದ ದುರಸ್ತಿಯಲ್ಲಿಯೂ ಬದಲಿಸಿದ ಭಾಗಗಳ ಮೇಲೆ ಸವಕಳಿ ಕಳೆಯಲಾಗುತ್ತದೆ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಶೇಕಡಾ 50. ಲೋಹದ ಭಾಗಗಳಿಗೆ ಐದರಿಂದ ಹತ್ತು ವರ್ಷದ ಕಾರಿನಲ್ಲಿ ಶೇಕಡಾ 40. ಅಂದರೆ ಆರು ವರ್ಷದ ಕಾರಿನ ಬಂಪರ್ ಮುರಿದರೆ ಹೊಸ ಬಂಪರಿನ ಅರ್ಧ ಬೆಲೆ ಮಾಲೀಕನದೇ. ಈ ಕಡಿತವನ್ನು ತಪ್ಪಿಸುವ ಹೆಚ್ಚುವರಿ ರಕ್ಷಣೆ ಹೊಸ ಕಾರುಗಳಿಗೆ ಸುಲಭವಾಗಿ ದೊರೆಯುತ್ತದೆ. ಕಾರಿಗೆ ವಯಸ್ಸಾದಂತೆ ದೊರೆಯುವುದು ದುರ್ಲಭ. ಮಾರಿದವನ ನೋ ಕ್ಲೇಮ್ ಬೋನಸ್ ಕೂಡ ಅವನ ಬಳಿಯೇ ಉಳಿಯುತ್ತದೆ, ಕಾರಿನೊಡನೆ ಬರುವುದಿಲ್ಲ.

ನಾಲ್ಕು ವರ್ಷಗಳ ಲೆಕ್ಕ

ಕೇವಲ ತಿಳಿವಳಿಕೆಗಾಗಿ ಕೆಲವು ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಬಹುದು. 24 ಲಕ್ಷಕ್ಕೆ ಕೊಂಡ ಆರು ವರ್ಷದ ಐಷಾರಾಮಿ ಕಾರನ್ನು ನಾಲ್ಕು ವರ್ಷಗಳ ಬಳಿಕ 10 ಲಕ್ಷಕ್ಕೆ ಮಾರಿದರೆ ಬೆಲೆಯ ಇಳಿಕೆ 14 ಲಕ್ಷ. ವಾರ್ಷಿಕ ಸರ್ವಿಸ್ 60 ಸಾವಿರದಂತೆ 2.4 ಲಕ್ಷ, ವಿಮೆಗೂ ಅಷ್ಟೇ ಮೊತ್ತ, ಒಂದು ಜೊತೆ ಟೈರುಗಳಿಗೆ 1.2 ಲಕ್ಷ, ಸಸ್ಪೆನ್ಷನ್ ಅಥವಾ ಗೇರ್‌ಬಾಕ್ಸಿನ ಒಂದು ದೊಡ್ಡ ದುರಸ್ತಿಗೆ 4 ಲಕ್ಷ. ಒಟ್ಟು 24 ಲಕ್ಷ. ಅಂದರೆ ಕೊಂಡಷ್ಟೇ ಮೊತ್ತ ನಾಲ್ಕು ವರ್ಷಗಳಲ್ಲಿ ಕರಗಿದಂತಾಯಿತು.

ಅದೇ 24 ಲಕ್ಷದ ಹೊಸ ಸಾಮಾನ್ಯ ಕಾರು ನಾಲ್ಕು ವರ್ಷಗಳ ಬಳಿಕ 14 ಲಕ್ಷಕ್ಕೆ ಮಾರಾಟವಾದರೆ ಇಳಿಕೆ 10 ಲಕ್ಷ. ಸರ್ವಿಸ್ 80 ಸಾವಿರ, ವಿಮೆ 2.8 ಲಕ್ಷ, ಟೈರು 50 ಸಾವಿರ, ಒಟ್ಟು 14.1 ಲಕ್ಷ. ತಿಂಗಳಿಗೆ ಹಂಚಿದರೆ ಮೊದಲನೆಯದಕ್ಕೆ 50,000 ರೂಪಾಯಿ, ಎರಡನೆಯದಕ್ಕೆ ಸುಮಾರು 29,400 ರೂಪಾಯಿ. ಇಂಧನ ಮತ್ತು ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಹಳೆಯ ಕಾರಿನ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಹೆಚ್ಚಿನ ಬಡ್ಡಿ ವಿಧಿಸುವುದರಿಂದ ಅಂತರ ಇನ್ನೂ ಹಿಗ್ಗೀತು. ದೊಡ್ಡ ದುರಸ್ತಿ ಬಾರದೇ ಹೋದರೆ ಅಂತರ 9.9 ಲಕ್ಷದಿಂದ 5.9 ಲಕ್ಷಕ್ಕೆ ಇಳಿಯುತ್ತದೆ, ಆದರೆ ಇಲ್ಲವಾಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಊರಿನ ಸೇವಾ ಕೇಂದ್ರದ ದರಪಟ್ಟಿ ತರಿಸಿ ಈ ಅಂಕಿಗಳ ಜಾಗದಲ್ಲಿ ತಮ್ಮ ಅಂಕಿಗಳನ್ನು ಇಟ್ಟು ನೋಡುವುದು ಉತ್ತಮ.

ತೆರಿಗೆಯ ಲಾಭವೆಂಬ ಭ್ರಮೆ

'ಹೇಗೂ ಕಂಪನಿಯ ಖರ್ಚಿಗೆ ಹೋಗುತ್ತದೆ' ಎಂಬ ಮಾತು ಕಾರು ಖರೀದಿಯ ಸಂದರ್ಭದಲ್ಲಿ ಪದೇ ಪದೇ ಕೇಳಿಬರುತ್ತದೆ. ಆದಾಯ ತೆರಿಗೆಯಲ್ಲಿ ಕಾರಿನ ಮೇಲೆ ಸಿಗುವ ಸವಕಳಿ ಉಳಿದ ಮೌಲ್ಯದ ಶೇಕಡಾ 15. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರಲ್ಲೂ ಅರ್ಧ. ಸ್ವಂತ ಬಳಕೆಯ ಪಾಲಿಗೆ ಸವಕಳಿಯೂ ಇಲ್ಲ, ಖರ್ಚೂ ಇಲ್ಲ. 24 ಲಕ್ಷದ ಕಾರು ನಾಲ್ಕು ವರ್ಷಗಳ ಬಳಿಕ ತೆರಿಗೆ ಲೆಕ್ಕದಲ್ಲಿ ಸುಮಾರು 12.5 ಲಕ್ಷದಲ್ಲಿ ಉಳಿದಿರುತ್ತದೆ. ಮಾರುಕಟ್ಟೆ ಅಷ್ಟನ್ನು ಕೊಡಲಾರದು. ಇನ್ನು ತೆರಿಗೆ ಉಳಿತಾಯವೆಂದರೆ ಖರ್ಚಿನ ಒಂದು ಪಾಲು ಮಾತ್ರ. ಶೇಕಡಾ 30ರ ತೆರಿಗೆ ಕಟ್ಟುವವನು 100 ರೂಪಾಯಿ ವ್ಯಯಿಸಿದರೂ 70 ರೂಪಾಯಿ ಅವನ ಜೇಬಿನದೇ.

ಜಿಎಸ್‌ಟಿಯ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಚಾಲಕನೂ ಸೇರಿ 13 ಜನರವರೆಗೆ ಕೂರಬಹುದಾದ ಪ್ರಯಾಣಿಕ ವಾಹನಗಳ ಮೇಲೆ ಹೂಡುವಳಿ ತೆರಿಗೆ ಜಮಾ ಸಾಮಾನ್ಯ ವರ್ತಕರಿಗೆ ದೊರೆಯುವುದಿಲ್ಲ. ಅಂಥ ವಾಹನದ ದುರಸ್ತಿ ಹಾಗೂ ವಿಮೆಯ ಮೇಲಿನ ಜಿಎಸ್‌ಟಿಗೂ ಇದೇ ನಿರ್ಬಂಧ. ಕಾರಿನ ಬೆಲೆಯಲ್ಲಿ ಒಂದು ದಿನ 10,000 ರೂಪಾಯಿಗೂ ಮೀರಿ ನಗದಿನಲ್ಲಿ ಕೊಟ್ಟ ಭಾಗ ಸವಕಳಿಗೆ ಅರ್ಹವಾಗದು. ಆದ್ದರಿಂದ 'ಅರ್ಧ ಚೆಕ್ಕು, ಅರ್ಧ ನಗದು' ಎಂಬ ಮಧ್ಯವರ್ತಿಗಳ ಸಲಹೆಗೆ ಕಿವಿಗೊಡಬಾರದು.

ಕೊಳ್ಳುವುದೇ ಆದರೆ

ಎಲ್ಲವನ್ನೂ ತೂಗಿ ನೋಡಿದ ಮೇಲೂ ಕೊಳ್ಳುವ ನಿರ್ಧಾರವಾದರೆ ಕೆಲವು ಎಚ್ಚರಿಕೆಗಳು ಅಗತ್ಯ. ಚಾಸಿಸ್ ಸಂಖ್ಯೆಯನ್ನು ಕೊಟ್ಟು ಅಧಿಕೃತ ಸೇವಾ ಕೇಂದ್ರದಿಂದ ಸರ್ವಿಸ್ ಇತಿಹಾಸ ಪಡೆಯಬೇಕು. ಓಡಿದ ಕಿಲೋಮೀಟರುಗಳ ಸತ್ಯಾಸತ್ಯತೆ ಅಲ್ಲಿ ಹೊರಬೀಳುತ್ತದೆ. ಎಷ್ಟನೆಯ ಮಾಲೀಕ, ಬ್ಯಾಂಕಿನ ಸಾಲ ತೀರಿದೆಯೇ, ಬಾಕಿ ದಂಡಗಳಿವೆಯೇ ಎಂಬುದನ್ನು ಸಾರಿಗೆ ಇಲಾಖೆಯ ವಾಹನ್ ದಾಖಲೆಗಳಲ್ಲಿ ನೋಡಬೇಕು. ಮಾರುವವನಿಗೆ ಸಂಬಂಧವಿಲ್ಲದ ಗ್ಯಾರೇಜಿನಲ್ಲಿ ಕಾರನ್ನು ಲಿಫ್ಟಿಗೇರಿಸಿ, ಕಂಪ್ಯೂಟರ್ ತಪಾಸಣೆ ಮಾಡಿಸಲು ತಗಲುವ ಕೆಲವು ಸಾವಿರ ರೂಪಾಯಿ ವ್ಯರ್ಥವಲ್ಲ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಅತಿ ದುಬಾರಿ ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ನಾಡೇ ಕಂಡಿತು. 2015 ಮತ್ತು 2023ರ ಡಿಸೆಂಬರಿನಲ್ಲಿ ಚೆನ್ನೈ ನಗರವೂ ಇದನ್ನೇ ಅನುಭವಿಸಿತು. ಇಂಥ ಕಾರುಗಳು ತೊಳೆದು, ಮೆರುಗು ಕೊಟ್ಟು ಮಾರುಕಟ್ಟೆಗೆ ಬರುವುದುಂಟು. ಸೀಟು ಬೆಲ್ಟನ್ನು ಪೂರ್ತಿ ಎಳೆದು ಅದರ ತುದಿಯಲ್ಲಿ ಕೆಸರಿನ ಗುರುತಿದೆಯೇ, ಸೀಟಿನ ಕೆಳಗಿನ ಹಳಿಗಳು ತುಕ್ಕು ಹಿಡಿದಿವೆಯೇ, ದೀಪಗಳೊಳಗೆ ತೇವವಿದೆಯೇ ಎಂದು ನೋಡಿದರೆ ಬಹಳಷ್ಟು ತಿಳಿಯುತ್ತದೆ.

ಹೊರರಾಜ್ಯದ ಅಗ್ಗದ ಕಾರುಗಳ ಬಗೆಗೂ ಜಾಗರೂಕತೆ ಬೇಕು. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ವಿಧಿಸಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅಂದಿನಿಂದ ಅಲ್ಲಿಯ ಕಾರುಗಳು ಕಡಿಮೆ ಬೆಲೆಗೆ ಇತರ ರಾಜ್ಯಗಳತ್ತ ಹರಿದುಬಂದಿವೆ. ಆದರೆ ಕರ್ನಾಟಕದಲ್ಲಿ ಅದನ್ನು ನೋಂದಾಯಿಸಲು ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿಯ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಈ ತೆರಿಗೆಯ ಲೆಕ್ಕಕ್ಕೆ ಆಧಾರ ಕಾರಿನ ಮೂಲ ಬೆಲೆ ಮತ್ತು ವಯಸ್ಸೇ ಹೊರತು ಮಧ್ಯವರ್ತಿಗೆ ಕೊಟ್ಟ ಬೆಲೆಯಲ್ಲ. ಇಲ್ಲಿಯೂ ಹಳೆಯ ಕಾರು ತನ್ನ ಹೊಸ ದಿನಗಳ ಬೆಲೆಯನ್ನು ಬೆನ್ನ ಮೇಲೆ ಹೊತ್ತೇ ಬರುತ್ತದೆ.

ಬೆಂಗಳೂರಿನಿಂದ ದೂರದ ಊರಿನವರು ಇನ್ನೊಂದು ಖರ್ಚನ್ನು ಸೇರಿಸಿಕೊಳ್ಳಬೇಕು. ಸೇವಾ ಕೇಂದ್ರ ನೂರಾರು ಕಿಲೋಮೀಟರ್ ದೂರವಿದ್ದರೆ ಕೆಟ್ಟ ಕಾರನ್ನು ಲಾರಿಯ ಮೇಲೆ ಸಾಗಿಸಬೇಕು, ಬಿಡಿಭಾಗ ಬರುವವರೆಗೆ ವಾರಗಟ್ಟಲೆ ಬೇರೆ ವಾಹನ ಹುಡುಕಬೇಕು.

ಪ್ರತಿಷ್ಠೆ ಮತ್ತು ದುಡಿಯುವ ಬಂಡವಾಳ

ಒಳ್ಳೆಯ ಕಾರು ಗ್ರಾಹಕರಲ್ಲಿಯೂ ಬ್ಯಾಂಕಿನವರಲ್ಲಿಯೂ ವಿಶ್ವಾಸ ಮೂಡಿಸುತ್ತದೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಭದ್ರತೆ ಮತ್ತು ದೀರ್ಘ ಪ್ರಯಾಣದ ಆರಾಮವೂ ಅಲ್ಲಗಳೆಯಲಾಗದ ಸಂಗತಿಗಳು. ದುಡಿದು ಗಳಿಸಿದವನು ತನ್ನ ಸಂತೋಷಕ್ಕೆ ಖರ್ಚು ಮಾಡುವುದನ್ನು ತಪ್ಪೆನ್ನಲಾಗದು. ಪ್ರಶ್ನೆ ಇರುವುದು ಆ ಹಣ ಎಲ್ಲಿಂದ ಬರುತ್ತದೆ ಎಂಬುದರಲ್ಲಿ.

ಕಾರಿನ ಆರಂಭಿಕ ಪಾವತಿಯನ್ನು ಓವರ್‌ಡ್ರಾಫ್ಟ್ ಖಾತೆಯಿಂದ ತೆಗೆದು, ಆಮೇಲೆ ಬರುವ ದುರಸ್ತಿಯ ಬಿಲ್ಲನ್ನೂ ಅದೇ ಖಾತೆಗೆ ಹಚ್ಚಿದರೆ ಕಚ್ಚಾ ಸಾಮಗ್ರಿ ಕೊಟ್ಟವರ ಬಾಕಿ ಮುಂದಕ್ಕೆ ಹೋಗುತ್ತದೆ. 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯ ಪ್ರಕಾರ, ಸೂಕ್ಷ್ಮ ಹಾಗೂ ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಪಾವತಿಸಬೇಕು. ತಪ್ಪಿದರೆ ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಆ ಖರ್ಚಿಗೆ ತೆರಿಗೆ ವಿನಾಯಿತಿ. ಹೀಗೆ ಕಾರಿನ ಗೇರ್‌ಬಾಕ್ಸ್ ಕೆಟ್ಟದ್ದು ಕಾರ್ಖಾನೆಯ ತೆರಿಗೆ ಲೆಕ್ಕವನ್ನೂ ಕೆಡಿಸಬಲ್ಲದು. ಅದಕ್ಕಿಂತ ಮಿಗಿಲಾಗಿ, ಕಾಲಕ್ಕೆ ಹಣ ಕೊಡದವನ ಅಂಗಳದಲ್ಲಿ ನಿಂತ ದೊಡ್ಡ ಕಾರು ಸರಬರಾಜುದಾರರಲ್ಲಿ ಹುಟ್ಟಿಸುವುದು ಗೌರವವನ್ನಲ್ಲ.

ಆದುದರಿಂದ ಒಂದು ಸರಳ ನಿಯಮವನ್ನು ಪಾಲಿಸಬಹುದು. ಕಾರಿನ ಬೆಲೆಯ ಐದನೆಯ ಒಂದು ಭಾಗವನ್ನು ದುರಸ್ತಿ ನಿಧಿಯಾಗಿ ಪ್ರತ್ಯೇಕ ಠೇವಣಿಯಲ್ಲಿ ಇಟ್ಟ ಮೇಲೂ, ಮೂರು ತಿಂಗಳ ದುಡಿಯುವ ಬಂಡವಾಳಕ್ಕೆ ಕೈ ಹಚ್ಚದೆ ಉಳಿಯುವುದಾದರೆ ಮಾತ್ರ ಹಳೆಯ ಐಷಾರಾಮಿ ಕಾರನ್ನು ಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಹಾಸಿಗೆಯ ಉದ್ದವನ್ನು ಅಳೆಯುವಾಗ ಕಾರಿನ ಕೊಳ್ಳುವ ಬೆಲೆಯನ್ನಷ್ಟೇ ಅಲ್ಲ, ಸಾಕುವ ಬೆಲೆಯನ್ನೂ ಸೇರಿಸಿ ಅಳೆಯುವುದು ವಿವೇಕಿಯಾದ ವ್ಯಾಪಾರಿಯ ಲಕ್ಷಣ.